ಅಣುಸ್ಥಾವರಗಳೂ ವಿದ್ಯುತ್ ಸಂಗ್ರಹವೂ: ಮಂಡ್ಯ ಸೀಮೆಯ ನೆಲೆಯಿಂದ

ಅಣುಸ್ಥಾವರ ಹಗಲಿರುಳೆನ್ನದೆ ಒಂದೇ ಸಮನೆ ವಿದ್ಯುತ್ ಉತ್ಪಾದಿಸುತ್ತದೆ. ಜನರ ಬಳಕೆ ಗಂಟೆಗೊಂದು ರೀತಿ ಏರಿಳಿಯುತ್ತದೆ. ಆ ಹೊತ್ತಿಗೆ ಬೇಡವಾದ ವಿದ್ಯುತ್ತನ್ನು ಎತ್ತರದ ನೀರಾಗಿಯೋ, ಬ್ಯಾಟರಿಯ ರಾಸಾಯನಿಕ ಶಕ್ತಿಯಾಗಿಯೋ, ಶಾಖವಾಗಿಯೋ ಹಿಡಿದಿಟ್ಟು, ಬೇಕಾದಾಗ ಜಾಲಕ್ಕೆ ಮರಳಿಸುವ ಏರ್ಪಾಟೇ ಸಂಗ್ರಹ ವ್ಯವಸ್ಥೆ. ಕರ್ನಾಟಕದ ಒಂದೇ ಒಂದು ಅಣುಸ್ಥಾವರ ಇರುವುದು ಉತ್ತರ ಕನ್ನಡದ ಕೈಗಾದಲ್ಲಿ. ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ರಿಯಾಕ್ಟರ್ ಇಲ್ಲ. ಆದರೆ ರಾಜ್ಯದಲ್ಲಿ ವಿದ್ಯುತ್ತಿಗಾಗಿ ಕಟ್ಟಿದ ಮೊದಲ ದೊಡ್ಡ ಸಂಗ್ರಹ ಇಲ್ಲಿಯ ಕನ್ನಂಬಾಡಿ ಕಟ್ಟೆ. ಬ್ಯಾಟರಿಗೆ ಬೇಕಾದ ಲಿಥಿಯಂ ಸಿಕ್ಕಿರುವುದೂ ಇಲ್ಲಿಯ ಕಲ್ಲಿನಲ್ಲಿ. ಅದನ್ನು ಹುಡುಕಿದ್ದು ಅಣುಶಕ್ತಿ ಇಲಾಖೆ. ಕೈಗಾದ ಲೆಕ್ಕವನ್ನು ಇಲ್ಲಿ ನಿಂತು ನೋಡಿದರೆ ಎಷ್ಟು ಕೂಡಿಡಬಹುದು ಎಂಬುದಕ್ಕಿಂತ ಎಷ್ಟು ಹೊತ್ತಿಗಾಗಿ ಕೂಡಿಡಬೇಕು ಎಂಬುದೇ ದೊಡ್ಡ ಪ್ರಶ್ನೆಯಾಗುತ್ತದೆ.

ಕನ್ನಂಬಾಡಿಯ ಲೆಕ್ಕ

1902ರ ಜೂನ್ 30ರಂದು ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರದ ತಂತಿಯಲ್ಲಿ ವಿದ್ಯುತ್ ಹರಿಯಿತು. ಆಗ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಯೋಜನೆಯನ್ನು ರೂಪಿಸಿದ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್. ಅದರ ಬೆನ್ನಿಗೆ ನಿಂತಿದ್ದ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಶಿವನಸಮುದ್ರದ್ದು ಏಷ್ಯಾದ ಮೊದಲ ಜಲವಿದ್ಯುದಾಗಾರ ಎಂದು ಈಗಲೂ ಭಾಷಣಗಳಲ್ಲಿ ಕೇಳಿಬರುತ್ತದೆ. ಅದು ಸರಿಯಲ್ಲ: ಡಾರ್ಜಿಲಿಂಗಿನ ಸಿದ್ರಾಪೊಂಗ್ 1897ರಲ್ಲೇ ಶುರುವಾಗಿತ್ತು, ಜಪಾನಿನ ಕ್ಯೋಟೋದಲ್ಲಿ ಅದಕ್ಕೂ ಮೊದಲೇ ಕಾಲುವೆಯ ನೀರಿನಿಂದ ವಿದ್ಯುತ್ ತೆಗೆಯುತ್ತಿದ್ದರು. ಶಿವನಸಮುದ್ರದ ಹಿರಿಮೆಗೆ ಆ ಬಿರುದಿನ ಅಗತ್ಯವೂ ಇಲ್ಲ.

ತೊಡಕು ಶುರುವಾದದ್ದು ಬೇಸಿಗೆಯಲ್ಲಿ. ಗಣಿಯ ಬೇಡಿಕೆಗೆ ಹಗಲು ರಾತ್ರಿ ಎಂಬುದಿಲ್ಲ: ಆಳದ ನೀರು ಹೊರಹಾಕುವ ಪಂಪು, ಆಳುಗಳನ್ನು ಇಳಿಸಿ ಏರಿಸುವ ತೊಟ್ಟಿಲು, ಅದಿರು ಅರೆಯುವ ಗಿರಣಿ, ಯಾವುದೂ ನಿಲ್ಲುವಂತಿಲ್ಲ. ಕಾವೇರಿಯೋ ಆಗಸ್ಟಿನಲ್ಲಿ ಉಕ್ಕಿ ಏಪ್ರಿಲಿನಲ್ಲಿ ಬತ್ತುವ ಹೊಳೆ. ಮಳೆಗಾಲದ ನೀರನ್ನು ತಡೆದು ವರ್ಷವಿಡೀ ಒಂದೇ ಪ್ರಮಾಣದಲ್ಲಿ ಕೆಳಗೆ ಬಿಡುವುದೊಂದೇ ದಾರಿ. 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾಗಿ ಬಂದ ಎಂ. ವಿಶ್ವೇಶ್ವರಯ್ಯನವರು ಕನ್ನಂಬಾಡಿ ಬಳಿ ಕಟ್ಟೆಯ ಯೋಜನೆ ಮುಂದಿಟ್ಟಾಗ ನೀರಾವರಿಯ ಜೊತೆಗೆ ಈ ಕಾರಣವೂ ಮುಖ್ಯವಾಗಿತ್ತು. ಗಣಿಗಳಿಂದ ಬರುವ ಖಚಿತ ಆದಾಯ ತೋರಿಸದೆ ಅಷ್ಟು ದೊಡ್ಡ ವೆಚ್ಚಕ್ಕೆ ಒಪ್ಪಿಗೆ ಪಡೆಯುವುದು ಸುಲಭವಿರಲಿಲ್ಲ. 1911ರಲ್ಲಿ ಆರಂಭವಾದ ಕೆಲಸ ಮದರಾಸಿನ ತಕರಾರು, 1914ರ ಪಂಚಾಯಿತಿ ತೀರ್ಪು, 1924ರ ಒಪ್ಪಂದ ಎಲ್ಲವನ್ನೂ ದಾಟಿ ಮುಗಿದದ್ದು 1930ರ ದಶಕದ ಆರಂಭದಲ್ಲಿ. ಹಿನ್ನೀರು ಪಾಂಡವಪುರ ಮತ್ತು ಕೆ.ಆರ್. ಪೇಟೆ ತಾಲ್ಲೂಕುಗಳತ್ತ ಚಾಚಿತು. ಕನ್ನಂಬಾಡಿ ಊರೇ ಮುಳುಗಿತು. ವೇಣುಗೋಪಾಲಸ್ವಾಮಿಯ ಗುಡಿಯನ್ನು ಕಲ್ಲುಕಲ್ಲಾಗಿ ಬಿಚ್ಚಿ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದ್ದು ಇತ್ತೀಚಿನ ಮಾತು.

ಶಿವನಸಮುದ್ರದಲ್ಲಿ ಬೇಡಿಕೆ ಸ್ಥಿರ, ಮೂಲ ಅಸ್ಥಿರ. ಕೈಗಾದಲ್ಲಿ ಮೂಲ ಸ್ಥಿರ, ಬೇಡಿಕೆ ಅಸ್ಥಿರ. ಸಮಸ್ಯೆ ತಿರುಗುಮುರುಗಾಗಿದೆ, ಪರಿಹಾರದ ತತ್ತ್ವ ಬದಲಾಗಿಲ್ಲ. ಗಾತ್ರದ ಅಂದಾಜು ಬೇಕಿದ್ದರೆ ಹೀಗೆ ಲೆಕ್ಕ ಹಾಕಬಹುದು. ಕಟ್ಟೆ ತುಂಬಿದಾಗ, ಅಂದರೆ 124.80 ಅಡಿಯಲ್ಲಿ, ಬಳಸಬಹುದಾದ ನೀರು ಸುಮಾರು 45 ಟಿಎಂಸಿ. ಅಷ್ಟೂ ನೀರು ಶಿವನಸಮುದ್ರದ ಸುಮಾರು 400 ಅಡಿಯ ಇಳಿಜಾರಿನಲ್ಲಿ ಟರ್ಬೈನಿಗೆ ಬಿದ್ದರೆ 36 ಕೋಟಿ ಯೂನಿಟ್ ಆಸುಪಾಸು ಸಿಗುತ್ತದೆ. 880 ಮೆಗಾವಾಟಿನ ಕೈಗಾ ಪೂರ್ತಿ ಓಡಿದರೆ ದಿನಕ್ಕೆ 2.11 ಕೋಟಿ ಯೂನಿಟ್. ಅಲ್ಲಿಗೆ ತುಂಬಿದ ಕಟ್ಟೆ ಎಂದರೆ ಕೈಗಾದ ಹದಿನೇಳು ದಿನದ ದುಡಿಮೆ. ಇದು ಕಾಗದದ ಲೆಕ್ಕ ಮಾತ್ರ. ಶಿವನಸಮುದ್ರದ ಸಾಮರ್ಥ್ಯ ಇಂದಿಗೂ 42 ಮೆಗಾವಾಟ್, ಕೈಗಾದ ಒಂದು ಘಟಕದ ಐದನೇ ಒಂದು ಭಾಗ. ಅದಕ್ಕಿಂತ ಮುಖ್ಯವಾಗಿ, ಆ ನೀರಿಗೆ ಈಗ ಬೇರೆ ಒಡೆಯರಿದ್ದಾರೆ: ವಿ.ಸಿ. ನಾಲೆಯ ಭತ್ತ ಮತ್ತು ಕಬ್ಬು, ಬೆಂಗಳೂರು ಮೈಸೂರಿನ ನಲ್ಲಿ, ತಮಿಳುನಾಡಿನ ಪಾಲು. ಸಂಜೆ ಏಳಕ್ಕೆ ಕರೆಂಟಿಗೆ ಬೇಡಿಕೆ ಏರಿತು ಎಂದು ಕಟ್ಟೆಯ ಬಾಗಿಲು ತೆರೆಯುವ ಕಾಲ ಯಾವಾಗಲೋ ಮುಗಿದಿದೆ.

ಕೈಗಾ ಏಕೆ ಒಂದೇ ಸಮನೆ ಓಡುತ್ತದೆ

ಕಾಳಿ ನದಿಯ ದಂಡೆಯ ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಭಾರಜಲ ರಿಯಾಕ್ಟರುಗಳಿವೆ. ಮೊದಲು ವಾಣಿಜ್ಯ ಉತ್ಪಾದನೆಗೆ ಬಂದದ್ದು ಎರಡನೆಯ ಘಟಕ, 2000ದ ಮಾರ್ಚಿನಲ್ಲಿ. ಮೊದಲನೆಯದರ ಕಟ್ಟಡದ ಒಳಗುಮ್ಮಟ 1994ರ ಮೇ ತಿಂಗಳಲ್ಲಿ ನಿರ್ಮಾಣದ ವೇಳೆ ಕಳಚಿಬಿದ್ದಿದ್ದರಿಂದ ಅದು ಹಿಂದೆ ಬಿತ್ತು, 2000ದ ನವೆಂಬರಿನಲ್ಲಿ ಬಂತು. ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ. ಹಿಂದೆ ಬಿದ್ದ ಆ ಮೊದಲ ಘಟಕವೇ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ಓಡಿ ವಿಶ್ವದಾಖಲೆ ಬರೆಯಿತು. ಅದನ್ನು ಆಮೇಲೆ ಮುರಿದ ಕೆನಡಾದ ಡಾರ್ಲಿಂಗ್ಟನ್ ರಿಯಾಕ್ಟರೂ ಭಾರಜಲದ್ದೇ. ಈ ಬಗೆಯ ರಿಯಾಕ್ಟರಿಗೆ ಇಂಧನ ತುಂಬಲು ಸ್ಥಾವರ ನಿಲ್ಲಿಸಬೇಕಾಗಿಲ್ಲ, ಓಡುತ್ತಿರುವಾಗಲೇ ಹಳೆಯ ಕಂತೆ ತೆಗೆದು ಹೊಸದನ್ನು ಸೇರಿಸಬಹುದು.

ನಿಲ್ಲಿಸದೆ ಓಡಿಸಬಹುದು ಎಂಬುದು ಒಂದು ಮಾತು. ಬೇಕೆಂದಾಗ ತಗ್ಗಿಸಲು ಕಷ್ಟ ಎಂಬುದು ಇನ್ನೊಂದು. ವಿದಳನದಲ್ಲಿ ಹುಟ್ಟುವ ಅಯೋಡಿನ್-135 ಆರೂವರೆ ಗಂಟೆಯ ಅರ್ಧಾಯುಷ್ಯದಲ್ಲಿ ಕ್ಸೆನಾನ್-135 ಆಗಿ ಬದಲಾಗುತ್ತದೆ. ಕ್ಸೆನಾನ್ ನ್ಯೂಟ್ರಾನುಗಳನ್ನು ನುಂಗುವುದರಲ್ಲಿ ಎತ್ತಿದ ಕೈ. ರಿಯಾಕ್ಟರ್ ಪೂರ್ಣ ಬಲದಲ್ಲಿ ಓಡುವಾಗ ಅದು ಹುಟ್ಟಿದಷ್ಟೇ ಸುಟ್ಟುಹೋಗುತ್ತಿರುತ್ತದೆ. ಬಲ ತಟ್ಟನೆ ಇಳಿಸಿದರೆ ಸುಡುವುದು ಕಡಿಮೆಯಾಗಿ, ಹಳೆಯ ಅಯೋಡಿನ್‌ನಿಂದ ಹುಟ್ಟುವುದು ಮುಂದುವರಿದು, ಕ್ಸೆನಾನ್ ಶೇಖರವಾಗುತ್ತದೆ. ಸಹಜ ಯುರೇನಿಯಂ ಬಳಸುವ ಭಾರಜಲ ರಿಯಾಕ್ಟರಿಗೆ ಈ ವಿಷವನ್ನು ಮೀರುವಷ್ಟು ಹೆಚ್ಚುವರಿ ಶಕ್ತಿ ಇರುವುದಿಲ್ಲ; ಒಮ್ಮೆ ನಿಂತರೆ ಬೇಗನೆ ಮತ್ತೆ ಹೊತ್ತಿಸಬೇಕು, ತಪ್ಪಿದರೆ ಒಂದೂವರೆ ದಿನದಷ್ಟು ಕಾಯಬೇಕು. ಫ್ರಾನ್ಸ್ ತನ್ನ ಸಮೃದ್ಧ ಯುರೇನಿಯಮ್ಮಿನ ರಿಯಾಕ್ಟರುಗಳನ್ನು ದಿನದಿನವೂ ಏರಿಸಿ ಇಳಿಸುತ್ತದೆ. ಕೈಗಾದಂಥದ್ದಕ್ಕೆ ಅದು ಒಗ್ಗುವುದಿಲ್ಲ.

ಹಣದ ಲೆಕ್ಕವೂ ಅದೇ ಕಡೆ ಎಳೆಯುತ್ತದೆ. ಅಣುಸ್ಥಾವರದಲ್ಲಿ ಖರ್ಚೆಲ್ಲ ಕಟ್ಟುವಾಗಲೇ ಆಗಿರುತ್ತದೆ. ಇಂಧನದ ಪಾಲು ಚಿಕ್ಕದು. ಅರ್ಧ ಬಲದಲ್ಲಿ ಓಡಿಸಿದರೆ ಉಳಿತಾಯ ಅಲ್ಪ, ಆದಾಯದ ನಷ್ಟ ಅರ್ಧದಷ್ಟು. ಹಾಗಾಗಿ ರಿಯಾಕ್ಟರನ್ನು ಅದರ ಪಾಡಿಗೆ ಬಿಟ್ಟು ಪಕ್ಕದಲ್ಲೊಂದು ಸಂಗ್ರಹ ಇಡುವುದು ಲೇಸು ಎಂಬ ವಾದ ಹುಟ್ಟಿತು. ಕೈಗಾದಲ್ಲಿ ತಲಾ 700 ಮೆಗಾವಾಟಿನ 5 ಮತ್ತು 6ನೇ ಘಟಕಗಳಿಗೆ ಕೇಂದ್ರ 2017ರಲ್ಲಿ ಒಪ್ಪಿಗೆ ಕೊಟ್ಟಿದೆ. ಅವು ಬಂದರೆ ಸ್ಥಿರ ಉತ್ಪಾದನೆ 2,280 ಮೆಗಾವಾಟಿಗೆ ಏರಿ ಈ ವಾದ ಇನ್ನಷ್ಟು ಬಲವಾಗುತ್ತದೆ.

ರಾತ್ರಿ ಕರೆಂಟು

ಸಂಗ್ರಹ ಇಲ್ಲದ ದಿನಗಳಲ್ಲಿ ರಾತ್ರಿಯ ಹೆಚ್ಚುವರಿ ವಿದ್ಯುತ್ ಎಲ್ಲಿಗೆ ಹೋಗುತ್ತಿತ್ತು? ಹೆಚ್ಚಿನ ಬರಹಗಳು ಈ ಪ್ರಶ್ನೆಯನ್ನು ಹಾಯ್ದು ಹೋಗುತ್ತವೆ. ಕೆ.ಆರ್. ಪೇಟೆ, ನಾಗಮಂಗಲದ ಬೋರ್‌ವೆಲ್ ರೈತರಿಗೆ ಉತ್ತರ ಗೊತ್ತು. ಪಂಪ್‌ಸೆಟ್ಟುಗಳಿಗೆ ತ್ರೀ ಫೇಸ್ ಕರೆಂಟನ್ನು ಹಗಲಿಷ್ಟು ರಾತ್ರಿಯಿಷ್ಟು ಎಂದು ಪಾಳಿಯಲ್ಲಿ ಹಂಚುವ ಪದ್ಧತಿ ಬೆಳೆದದ್ದೇ ಉಷ್ಣ ಮತ್ತು ಅಣುಸ್ಥಾವರಗಳ ಇಳಿಯದ ಉತ್ಪಾದನೆಗೆ ರಾತ್ರಿಹೊತ್ತು ಒಂದು ಬೇಡಿಕೆ ಒದಗಿಸಲು. ಊರು ಮಲಗಿದ ಮೇಲೆ ಕಬ್ಬಿನ ಗದ್ದೆಗೆ ನೀರು ಹಾಯಿಸಲು ಟಾರ್ಚು ಹಿಡಿದು ಹೋಗಬೇಕು; ಹಾವಿನ ಭಯ, ಈಚೀಚೆಗೆ ಚಿರತೆಯ ಭಯ. ಮೂಲವನ್ನು ಬೇಡಿಕೆಗೆ ಹೊಂದಿಸಲಾಗದಾಗ ಬೇಡಿಕೆಯನ್ನೇ ಮೂಲಕ್ಕೆ ಹೊಂದಿಸಿದರು. ತಾಂತ್ರಿಕವಾಗಿ ನೋಡಿದರೆ ಇದು ಅಗ್ಗದ ಸಂಗ್ರಹ: ವಿದ್ಯುತ್ತು ಗದ್ದೆಯಲ್ಲಿ, ತೊಟ್ಟಿಯಲ್ಲಿ, ಕೃಷಿ ಹೊಂಡದಲ್ಲಿ ನೀರಾಗಿ ಉಳಿಯಿತು. ಅದರ ಬೆಲೆ ಬಿಲ್ಲಿನಲ್ಲಿ ಕಾಣಿಸಲಿಲ್ಲ, ನಿದ್ದೆಗೆಟ್ಟವರ ಲೆಕ್ಕಕ್ಕೆ ಬಿತ್ತು.

ಸೌರವಿದ್ಯುತ್ ಬಂದ ಮೇಲೆ ಚಿತ್ರ ಬದಲಾಯಿತು. ಪಾವಗಡದ 2,050 ಮೆಗಾವಾಟಿನ ಸೌರ ಪಾರ್ಕಿನಂಥವುಗಳಿಂದ ಹೆಚ್ಚುವರಿಯ ಹೊತ್ತು ರಾತ್ರಿಯಿಂದ ನಡುಹಗಲಿಗೆ ಸರಿಯಿತು; ಪಂಪ್‌ಸೆಟ್ಟಿನ ಪಾಳಿಯೂ ಹಗಲಿನತ್ತ ವಾಲತೊಡಗಿತು. ರೈತರಿಗೆ ಒಳ್ಳೆಯದೇ. ಜಾಲಕ್ಕೆ ಮಾತ್ರ ಹೊಸ ತಲೆನೋವು: ಮಧ್ಯಾಹ್ನ ಕೈಗಾವೂ ಸೂರ್ಯನೂ ಒಟ್ಟಿಗೆ ಸುರಿಯುತ್ತಾರೆ, ಸಂಜೆ ಆರಕ್ಕೆ ಸೂರ್ಯ ಹೊರಟುಹೋಗುತ್ತಾನೆ, ಆಗಲೇ ಮನೆಮನೆಯ ದೀಪ ಹತ್ತುತ್ತದೆ. ಈಗ ಬೇಕಾದದ್ದು ಋತುವಿನಿಂದ ಋತುವಿಗೆ ಸಾಗಿಸುವ ಕನ್ನಂಬಾಡಿಯಂಥ ಸಂಗ್ರಹವಲ್ಲ. ನಡುಹಗಲಿನದನ್ನು ಸಂಜೆಗೆ ದಾಟಿಸುವ, ನಾಲ್ಕರಿಂದ ಎಂಟು ಗಂಟೆಯ ಸಂಗ್ರಹ.

ನೀರನ್ನು ಮೇಲಕ್ಕೆತ್ತಿಡುವುದು

ಅಂಥ ಸಂಗ್ರಹಗಳಲ್ಲಿ ಜಗತ್ತು ಹೆಚ್ಚು ನಂಬಿರುವುದು ಪಂಪ್ಡ್ ಸ್ಟೋರೇಜ್. ಹೆಚ್ಚುವರಿ ವಿದ್ಯುತ್ತಿನಿಂದ ಕೆಳಗಿನ ಜಲಾಶಯದ ನೀರನ್ನು ಮೇಲಿನದಕ್ಕೆ ಎತ್ತುವುದು, ಬೇಕಾದಾಗ ಅದೇ ಯಂತ್ರದ ಮೂಲಕ ಕೆಳಗೆ ಬಿಡುವುದು. ನೂರು ಯೂನಿಟ್ ಹಾಕಿದರೆ ಎಪ್ಪತ್ತೈದರಿಂದ ಎಂಬತ್ತು ಮರಳಿ ಬರುತ್ತದೆ. ಇಂಥವು ಹಲವೆಡೆ ಹುಟ್ಟಿದ್ದೇ ಅಣುಸ್ಥಾವರದ ಜೋಡಿಯಾಗಿ. ಅಮೆರಿಕದ ಮ್ಯಾಸಚೂಸೆಟ್ಸಿನ ನಾರ್ತ್‌ಫೀಲ್ಡ್ ಮೌಂಟನ್ ವರ್ಮಾಂಟ್ ಯಾಂಕಿ ರಿಯಾಕ್ಟರಿನ ಜೊತೆಗೆ 1972ರಲ್ಲಿ ಶುರುವಾಯಿತು; ರಿಯಾಕ್ಟರ್ 2014ರಲ್ಲಿ ಮುಚ್ಚಿತು, ಬೆಟ್ಟದ ಮೇಲಿನ ಕೆರೆ ಈಗಲೂ ದುಡಿಯುತ್ತಿದೆ. ಕ್ಯಾಲಿಫೋರ್ನಿಯಾದ ಹೆಲ್ಮ್ಸ್ ಡಯಾಬ್ಲೊ ಕ್ಯಾನ್ಯನ್‌ಗಾಗಿ ಬಂದದ್ದು. ಚೀನಾದ ದಾಯಾ ಬೇ ಸ್ಥಾವರ 1994ರಲ್ಲಿ ಉತ್ಪಾದನೆಗೆ ಬರುವ ಹೊತ್ತಿಗೆ ಗುವಾಂಗ್‌ಝೌ ಬಳಿ 1,200 ಮೆಗಾವಾಟಿನ ಪಂಪ್ಡ್ ಸ್ಟೋರೇಜಿನ ಮೊದಲ ಹಂತ ಸಿದ್ಧವಾಗಿತ್ತು. ಆಮೇಲೆ ಅದು ಇಮ್ಮಡಿಯಾಯಿತು.

ಕರ್ನಾಟಕದಲ್ಲಿ ಇಂಥ ಜೋಡಿಗೆ ಹತ್ತಿರ ಬರುವುದು ಕರ್ನಾಟಕ ವಿದ್ಯುತ್ ನಿಗಮದ ಶರಾವತಿ ಯೋಜನೆ. ಮೇಲಿನ ತಳಕಳಲೆ, ಕೆಳಗಿನ ಗೇರುಸೊಪ್ಪ, ಈಗಾಗಲೇ ಇರುವ ಈ ಎರಡು ಜಲಾಶಯಗಳ ನಡುವೆ 250 ಮೆಗಾವಾಟಿನ ಎಂಟು ಯಂತ್ರಗಳು, ಒಟ್ಟು 2,000 ಮೆಗಾವಾಟ್. ನಡುವಣ ಇಳಿಜಾರು ನಾನೂರು ಮೀಟರಿಗೂ ಹೆಚ್ಚು. ಒಂದು ಸಾವಿರ ಲೀಟರ್ ನೀರು ಬಿದ್ದರೆ ಒಂದು ಯೂನಿಟ್ ಹತ್ತಿರ ಸಿಗುತ್ತದೆ. ಕನ್ನಂಬಾಡಿ ಕಟ್ಟೆಯ ಎತ್ತರದಿಂದ ಬಿದ್ದರೆ ಅದರ ಹತ್ತನೇ ಒಂದು ಭಾಗ. ಎಂಟೂ ಯಂತ್ರ ಆರು ಗಂಟೆ ಓಡಿದರೆ 1.2 ಕೋಟಿ ಯೂನಿಟ್, ಅಂದರೆ ಈಗಿನ ಕೈಗಾದ ಅರ್ಧ ದಿನಕ್ಕಿಂತ ಸ್ವಲ್ಪ ಹೆಚ್ಚು. ಇದು ಕೈಗಾಕ್ಕೆ ಎಂದು ಮೀಸಲಿಟ್ಟ ಯೋಜನೆಯೇನಲ್ಲ. ಒಂದೇ ಜಾಲದಲ್ಲಿರುವ ಸ್ಥಾವರ ಮತ್ತು ಸಂಗ್ರಹಕ್ಕೆ ಖಾಸಗಿ ತಂತಿಯ ಅಗತ್ಯವಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಉಳಿದ ಜಾಲದೊಡನೆ ಬೆಸೆದ ಮೇಲೆ ಹೆಚ್ಚುವರಿಯನ್ನು ಕೂಡಿಡುವ ಬದಲು ದೂರಕ್ಕೆ ಕಳಿಸುವ ದಾರಿಯೂ ತೆರೆದಿದೆ. ಸಂಗ್ರಹದ ನಿಜವಾದ ಪೈಪೋಟಿದಾರ ಅದೇ.

ಶರಾವತಿ ಯೋಜನೆಯ ಸುರಂಗ ಮತ್ತು ರಸ್ತೆಗಳು ಹಾಯುವುದು ಸಿಂಗಳೀಕ ಅಭಯಾರಣ್ಯದೊಳಗೆ. ಲಿಂಗನಮಕ್ಕಿ ಅಣೆಕಟ್ಟೆಯ ಮುಳುಗಡೆಯ ನೆನಪಿರುವ ಮಲೆನಾಡಿನಲ್ಲಿ ವಿರೋಧ ಏಳದಿದ್ದರೆ ಆಶ್ಚರ್ಯವಾಗುತ್ತಿತ್ತು. ಹೊಸ ಮುಳುಗಡೆ ಹೆಚ್ಚಿಲ್ಲ ಎಂಬ ನಿಗಮದ ವಾದ ಸರಿಯಿರಬಹುದು. ಆದರೆ ಉಳಿದಿರುವ ಕಾಡಿನ ತುಂಡು ಚಿಕ್ಕದಾದಷ್ಟೂ ಅದಕ್ಕೆ ಬೀಳುವ ಪೆಟ್ಟು ದೊಡ್ಡದು.

ಶಾಖದ ಸಂಗ್ರಹ, ಸ್ಥಾವರದೊಳಗಿನ ಬ್ಯಾಟರಿ

ವಿದ್ಯುತ್ತಾಗುವ ಮೊದಲೇ ಶಾಖವನ್ನು ಕರಗಿದ ಉಪ್ಪಿನಲ್ಲಿ ಹಿಡಿದಿಡುವುದು ಇನ್ನೊಂದು ದಾರಿ. ಅಮೆರಿಕದ ವಯೋಮಿಂಗಿನಲ್ಲಿ ಟೆರ್ರಾಪವರ್ ಕಂಪನಿ 2024ರಲ್ಲಿ ಕೆಲಸ ಶುರುಮಾಡಿದ ಸೋಡಿಯಂ ತಂಪಿನ ಸ್ಥಾವರ 345 ಮೆಗಾವಾಟಿನದು. ಉಪ್ಪಿನ ತೊಟ್ಟಿಯ ಬಲದಿಂದ ಸಂಜೆಗೆ ಕೆಲವು ಗಂಟೆ 500 ಮೆಗಾವಾಟಿಗೆ ಏರುವಂತೆ ಅದನ್ನು ರೂಪಿಸಿದ್ದಾರೆ. ಕೈಗಾಕ್ಕೆ ಇದು ಹೊಂದದು. ಅಲ್ಲಿಯ ಹಬೆ ಸುಮಾರು 250 ಡಿಗ್ರಿ ಸೆಲ್ಸಿಯಸ್. ಈ ಉಪ್ಪು ಕರಗುವುದಕ್ಕೇ 220ಕ್ಕೂ ಹೆಚ್ಚು ಬೇಕು. ನಡುವೆ ಉಳಿಯುವ ಅಂತರದಲ್ಲಿ ಕೂಡಿಡಲು ಹೆಚ್ಚೇನಿಲ್ಲ. ಕಲ್ಪಾಕ್ಕಂನ ಸೋಡಿಯಂ ರಿಯಾಕ್ಟರಿನಂಥವಕ್ಕೆ ಈ ವಿದ್ಯೆ ಸಲ್ಲುತ್ತದೆ.

ರಿಯಾಕ್ಟರಿಗೆ ತೀರ ಹತ್ತಿರವಿರುವ ಸಂಗ್ರಹ ಮಾರಾಟದ್ದಲ್ಲ, ಪ್ರಾಣ ಉಳಿಸುವುದು. ರಿಯಾಕ್ಟರ್ ನಿಂತ ಮೇಲೂ ಇಂಧನ ಶಾಖ ಬಿಡುತ್ತಲೇ ಇರುತ್ತದೆ, ತಂಪು ನಿಲ್ಲುವಂತಿಲ್ಲ. ಹೊರಗಿನ ವಿದ್ಯುತ್ ಹೋದರೆ ಡೀಸೆಲ್ ಜನರೇಟರ್. ಅದು ಹೊತ್ತುವವರೆಗೆ, ಮೀಟರು ಮತ್ತು ನಿಯಂತ್ರಣಗಳಿಗೆ, ಬ್ಯಾಟರಿಗಳ ಸಾಲು. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾದಲ್ಲಿ ಟರ್ಬೈನಿನ ಅಲಗು ಮುರಿದು ಬೆಂಕಿ ಎದ್ದಾಗ ಕೇಬಲ್ಲುಗಳು ಸುಟ್ಟು ಈ ಎಲ್ಲ ಸಾಲುಗಳೂ ಕೈಕೊಟ್ಟವು. ಸುಮಾರು 17 ಗಂಟೆ ಸ್ಥಾವರ ಕತ್ತಲಲ್ಲಿತ್ತು. ಸಿಬ್ಬಂದಿ ಬೆಂಕಿ ಆರಿಸುವ ಡೀಸೆಲ್ ಪಂಪಿನಿಂದ ಹಬೆ ಉತ್ಪಾದಕಗಳಿಗೆ ನೀರು ಹರಿಸಿ ಅನಾಹುತ ತಪ್ಪಿಸಿದರು. ಕೂಡಿಟ್ಟ ವಿದ್ಯುತ್ ಇದ್ದರೆ ಸಾಲದು, ಅದು ಸಾಗುವ ದಾರಿಗಳು ಒಂದೇ ಬೆಂಕಿಗೆ ಸಿಗದಂತೆ ಬೇರೆಬೇರೆ ಇರಬೇಕು ಎಂಬುದನ್ನು ಭಾರತದ ಅಣುಸ್ಥಾವರಗಳು ಅಲ್ಲಿಂದ ಕಲಿತವು.

ಮರಳಗಾಲದ ಲಿಥಿಯಂ

ನಾಗಮಂಗಲದ ಹೆಸರು ಹೊತ್ತ ಪುರಾತನ ಶಿಲಾಪಟ್ಟಿಯೊಂದು ಮಂಡ್ಯ ಜಿಲ್ಲೆಯಲ್ಲಿ ಹಾದುಹೋಗುತ್ತದೆ. ಅದರೊಳಗೆ ನುಗ್ಗಿ ತಣಿದ ಪೆಗ್ಮಟೈಟ್ ಎಂಬ ಒರಟು ಹರಳಿನ ಕಲ್ಲಿನಲ್ಲಿ, ಮರಳಗಾಲ–ಅಲ್ಲಾಪಟ್ಟಣ ಪ್ರದೇಶದಲ್ಲಿ, ಅಣುಶಕ್ತಿ ಇಲಾಖೆಯ ಪರಮಾಣು ಖನಿಜ ನಿರ್ದೇಶನಾಲಯಕ್ಕೆ ಲಿಥಿಯಂ ಸಿಕ್ಕಿತು. 2020ರ ಆರಂಭದಲ್ಲಿ ಸುದ್ದಿಯಾದ ಅಂಕಿ 14,100 ಟನ್. ಮುಂದಿನ ವರ್ಷ ಸರ್ಕಾರ ಹೇಳಿದ್ದು 1,600 ಟನ್, ಅದೂ ಪ್ರಾಥಮಿಕ ಅಂದಾಜಿನ ದರ್ಜೆಯಲ್ಲಿ. ಮೊದಲ ಅಂಕಿಗೆ ಸಿಕ್ಕ ದೊಡ್ಡ ತಲೆಬರಹ ಎರಡನೆಯದಕ್ಕೆ ಸಿಗಲಿಲ್ಲ. ‘ಮಂಡ್ಯದಲ್ಲಿ ಬಿಳಿಚಿನ್ನ’ ಎಂಬ ಮಾತು ಮಾತ್ರ ಇನ್ನೂ ಓಡಾಡುತ್ತಿದೆ.

ಲಿಥಿಯಂ ಅಣುಶಕ್ತಿ ಇಲಾಖೆಯ ಕೈಗೆ ಬಂದದ್ದು ಬ್ಯಾಟರಿಗಾಗಿ ಅಲ್ಲ. ಸಹಜ ಲಿಥಿಯಮ್ಮಿನಲ್ಲಿ ಶೇಕಡಾ ಏಳೂವರೆಯಷ್ಟಿರುವ ಲಿಥಿಯಂ-6 ನ್ಯೂಟ್ರಾನ್ ನುಂಗಿ ಟ್ರಿಟಿಯಂ ಆಗುತ್ತದೆ, ಟ್ರಿಟಿಯಂ ಬೇಕಾಗುವುದು ಸಮ್ಮಿಲನ ಕ್ರಿಯೆಗೆ. ಭಾರಜಲ ರಿಯಾಕ್ಟರುಗಳಲ್ಲೂ ಕೊಳವೆ ಸವೆಯದಂತೆ ತಂಪುಜಲದ ಕ್ಷಾರತೆ ಕಾಯಲು ಲಿಥಿಯಂ ಹೈಡ್ರಾಕ್ಸೈಡ್ ಬೆರೆಸುತ್ತಾರೆ. ಹೀಗೆ ಒಂದೇ ಧಾತು ಅಣುಸ್ಥಾವರದ ಒಳಗೂ ಇದೆ, ಅದರ ಜೋಡಿಯಾಗಬಹುದಾದ ಬ್ಯಾಟರಿಯಲ್ಲೂ ಇದೆ.

1,600 ಟನ್ನಿನಿಂದ ಎಷ್ಟಾದೀತು? ಒಂದು ಯೂನಿಟ್ ಹಿಡಿಯುವ ಬ್ಯಾಟರಿಗೆ ಸುಮಾರು 100ರಿಂದ 150 ಗ್ರಾಂ ಲಿಥಿಯಂ ಬೇಕು. ಒಂದು ಗ್ರಾಮೂ ಪೋಲಾಗದೆ ಅಷ್ಟನ್ನೂ ತೆಗೆದರೆ ಒಂದರಿಂದ ಒಂದೂವರೆ ಕೋಟಿ ಯೂನಿಟ್ಟಿನ ಬ್ಯಾಟರಿ, ಕೈಗಾದ ಅರ್ಧ ದಿನದಿಂದ ಮುಕ್ಕಾಲು ದಿನ. ಕನ್ನಂಬಾಡಿಯ ಹದಿನೇಳು ದಿನದ ಮುಂದೆ ಇದು ಏನೂ ಅಲ್ಲ ಅನ್ನಿಸುತ್ತದೆ. ಆದರೆ ಕಟ್ಟೆ ತುಂಬುವುದು ವರ್ಷಕ್ಕೊಮ್ಮೆ, ಬರ ಬಂದ ವರ್ಷ ಅದೂ ಇಲ್ಲ. ಬ್ಯಾಟರಿ ದಿನವೂ ತುಂಬಿ ದಿನವೂ ಖಾಲಿಯಾಗುತ್ತದೆ. ಒಂದು ಕೋಟಿ ಯೂನಿಟ್ಟಿನದು ವರ್ಷಕ್ಕೆ 365 ಕೋಟಿ ಯೂನಿಟ್ಟನ್ನು ಹಗಲಿನಿಂದ ಸಂಜೆಗೆ ದಾಟಿಸುತ್ತದೆ, ತುಂಬಿದ ಕಟ್ಟೆಯ ಹತ್ತರಷ್ಟು. ಕಟ್ಟೆ ಹೊಸ ವಿದ್ಯುತ್ ಕೊಡುತ್ತದೆ, ಬ್ಯಾಟರಿ ಕೊಟ್ಟದ್ದರಲ್ಲಿ ನೂರಕ್ಕೆ ಹತ್ತು ಹದಿನೈದು ಕಳೆದು ಮರಳಿಸುತ್ತದೆ ಎಂಬ ವ್ಯತ್ಯಾಸ ಮರೆಯುವಂತಿಲ್ಲ. ಮಳೆಗಾಲದ್ದನ್ನು ಬೇಸಿಗೆಗೆ ಒಯ್ಯುವ ಕೆಲಸ ಯಾವ ಬ್ಯಾಟರಿಗೂ ಕಟ್ಟುವುದಿಲ್ಲ.

ಕಾನೂನಿನ ಮಟ್ಟಿಗೆ ಲಿಥಿಯಂ ಈಗ ಅಣುಖನಿಜವಲ್ಲ. 2023ರ ಗಣಿ ಮತ್ತು ಖನಿಜ ತಿದ್ದುಪಡಿ ಕಾಯ್ದೆ ಅದನ್ನೂ ಇನ್ನೈದು ಖನಿಜಗಳನ್ನೂ ಆ ಪಟ್ಟಿಯಿಂದ ಹೊರತೆಗೆದು ಖಾಸಗಿಯವರಿಗೆ ಹರಾಜಿನ ಬಾಗಿಲು ತೆರೆಯಿತು. ಜಿಲ್ಲೆಯಲ್ಲಿ ಗಣಿಗಾರಿಕೆಯ ಮಾತೆತ್ತುವವರು ಇನ್ನೊಂದು ಆದೇಶವನ್ನೂ ಓದಬೇಕಾಗುತ್ತದೆ. ಪಾಂಡವಪುರದ ಬೇಬಿ ಬೆಟ್ಟದ ಕಲ್ಲುಗಣಿ ಸಿಡಿತದಿಂದ ಎದ್ದ ವಿವಾದದ ಹಿನ್ನೆಲೆಯಲ್ಲಿ, ಅಣೆಕಟ್ಟೆಯ ಸುರಕ್ಷತೆಯ ಅಧ್ಯಯನ ಮುಗಿಯುವವರೆಗೆ ಕನ್ನಂಬಾಡಿಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಕೂಡದು ಎಂದು ಕರ್ನಾಟಕ ಹೈಕೋರ್ಟ್ 2024ರ ಜನವರಿಯಲ್ಲಿ ಹೇಳಿತು. 2024ರ ಜುಲೈನಲ್ಲಿ ಕೇಂದ್ರ ಸಚಿವರು ರಾಜ್ಯಸಭೆಗೆ ಕೊಟ್ಟ ಉತ್ತರದಲ್ಲೂ ಮಂಡ್ಯದ ಲಿಥಿಯಂ ಅದೇ 1,600 ಟನ್.